ಸಮುದ್ರದ ಸುಳಿ, ಎರಿ ಹೊಲದ ಮಳೆ: ಚಂಡಮಾರುತದ ಜಾಡು ಹಿಡಿಯುವ ಬಗೆ

2025ರ ಅಕ್ಟೋಬರ್ 28ರಂದು, ನಮ್ಮ ಗಡಿಯಾರದ ಲೆಕ್ಕದಲ್ಲಿ ಒಂದೇ ರಾತ್ರಿ, ಎರಡು ಸಮುದ್ರಗಳ ಎರಡು ಚಂಡಮಾರುತಗಳು ದಡ ಮುಟ್ಟಿದವು. ಕೆರಿಬಿಯನ್ ಸಮುದ್ರದ ಮೆಲಿಸಾ ಗಂಟೆಗೆ ಸುಮಾರು 295 ಕಿ.ಮೀ. ವೇಗದ ಗಾಳಿಯೊಂದಿಗೆ ಜಮೈಕಾಕ್ಕೆ ಅಪ್ಪಳಿಸಿತು. ಬಂಗಾಳ ಕೊಲ್ಲಿಯ ಮೊಂಥಾ ಗಂಟೆಗೆ 90–100 ಕಿ.ಮೀ. ವೇಗದ ಗಾಳಿಯೊಂದಿಗೆ ಆಂಧ್ರದ ಕಾಕಿನಾಡ ಆಸುಪಾಸಿನ ತೀರ ದಾಟಿತು. ಮೊಬೈಲಿನಲ್ಲಿ ಎರಡರ ಚಿತ್ರವೂ ಒಂದೇ ನಮೂನೆ: ಹಿಂಜಿದ ಹತ್ತಿಯಂಥ ಮೋಡದ ಚಕ್ರ, ಅದರ ಮುಂದೊಂದು ಗೆರೆ, ಗೆರೆಯ ಸುತ್ತ ಅಗಲವಾಗುತ್ತ ಹೋಗುವ ಬಣ್ಣದ ಪಟ್ಟೆ.

ಇಂಥ ಚಿತ್ರ ಬಂದಾಗೆಲ್ಲ ತಿಕೋಟಾದ ದ್ರಾಕ್ಷಿ ಪಡದಲ್ಲಿ, ಬಸವನಬಾಗೇವಾಡಿಯ ತೊಗರಿ ಹೊಲದಲ್ಲಿ, ಅಥಣಿಯ ಕಬ್ಬಿನ ಗದ್ದೆಯಲ್ಲಿ ಏಳುವ ಪ್ರಶ್ನೆ ಒಂದೇ: "ಇದು ನಮ್ಮ ಕಡೆ ಬರತೈತೇನ್ರಿ?" ಸಮುದ್ರದಿಂದ ಒಳಗಿರುವ ವಿಜಯಪುರ, ಬಾಗಲಕೋಟೆ, ಬೆಳಗಾವಿ ಈ ಮೂರು ಜಿಲ್ಲೆಗಳಿಗೆ ಚಂಡಮಾರುತ ಗಾಳಿಯಾಗಿ ಬರುವುದು ಅಪರೂಪ. ಬಂದರೆ ಮಳೆಯಾಗಿ ಬರುತ್ತದೆ, ಅದೂ ಬಹುತೇಕ ತನ್ನ ಹೆಸರನ್ನು ಕಳೆದುಕೊಂಡ ಮೇಲೆ. ಹಾಗಾಗಿ ಪರದೆಯ ಮೇಲೆ ದೊಡ್ಡದಾಗಿ ಕಾಣುವ ಗಾಳಿಯ ವೇಗ ನಮ್ಮ ಅಪಾಯದ ಅಳತೆಯಾಗುವುದಿಲ್ಲ.

ಹೆಸರು ಮೂರು, ಸುಳಿ ಒಂದು

ಹರಿಕೇನ್, ಟೈಫೂನ್, ಸೈಕ್ಲೋನ್ ಮೂರೂ ಒಂದೇ. ಅಟ್ಲಾಂಟಿಕ್ ಸಾಗರ ಮತ್ತು ಪೆಸಿಫಿಕ್‌ನ ಪೂರ್ವ ಭಾಗದಲ್ಲಿ ಹುಟ್ಟಿದರೆ ಹರಿಕೇನ್, ಪೆಸಿಫಿಕ್‌ನ ಪಶ್ಚಿಮದಲ್ಲಿ ಹುಟ್ಟಿದರೆ ಟೈಫೂನ್, ನಮ್ಮ ಅರಬ್ಬಿ ಸಮುದ್ರ ಮತ್ತು ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದರೆ ಸೈಕ್ಲೋನ್, ಅಂದರೆ ಚಂಡಮಾರುತ.

ಭಾರತೀಯ ಹವಾಮಾನ ಇಲಾಖೆ ಇದನ್ನು ಮೆಟ್ಟಿಲು ಮೆಟ್ಟಿಲಾಗಿ ಅಳೆಯುತ್ತದೆ. ಗಾಳಿ ಗಂಟೆಗೆ 31 ಕಿ.ಮೀ. ಮುಟ್ಟಿದರೆ ವಾಯುಭಾರ ಕುಸಿತ, 51 ದಾಟಿದರೆ ತೀವ್ರ ವಾಯುಭಾರ ಕುಸಿತ, 63 ಆದರೆ ಚಂಡಮಾರುತ. ಹೆಸರು ಇಡುವುದು ಈ ಮೆಟ್ಟಿಲಿನಲ್ಲಿ. ಭಾರತ ಸೇರಿ 13 ದೇಶಗಳು ಕೊಟ್ಟ ಹೆಸರುಗಳ ಪಟ್ಟಿಯಿಂದ ಸರದಿಯಂತೆ ಒಂದನ್ನು ತೆಗೆಯುತ್ತಾರೆ. ಅಲ್ಲಿಂದ ಮೇಲೆ 89ಕ್ಕೆ ತೀವ್ರ, 118ಕ್ಕೆ ಅತಿ ತೀವ್ರ, 168ಕ್ಕೆ ಅತ್ಯಂತ ತೀವ್ರ, 222 ದಾಟಿದರೆ ಸೂಪರ್ ಸೈಕ್ಲೋನ್. 1999ರ ಅಕ್ಟೋಬರ್ 29ರಂದು ಒಡಿಶಾಕ್ಕೆ ಅಪ್ಪಳಿಸಿದ್ದು ಈ ಕೊನೆಯ ಮೆಟ್ಟಿಲಿನದು.

ಅಮೆರಿಕದ ಸುದ್ದಿಯಲ್ಲಿ ಬರುವ 'ಕೆಟಗರಿ 1ರಿಂದ 5' ಬೇರೆ ಏಣಿ. ಅದು 119 ಕಿ.ಮೀ.ಗೆ ಶುರುವಾಗಿ 252ಕ್ಕೆ ಐದನೆಯದನ್ನು ಮುಟ್ಟುತ್ತದೆ. ಅಲ್ಲಿ ಒಂದು ನಿಮಿಷದ ಸರಾಸರಿ ಗಾಳಿಯನ್ನು ಲೆಕ್ಕ ಹಿಡಿದರೆ ನಮ್ಮಲ್ಲಿ ಮೂರು ನಿಮಿಷದ್ದನ್ನು ಹಿಡಿಯುತ್ತಾರೆ. ಮೂರು ನಿಮಿಷದ ಸರಾಸರಿ ಯಾವಾಗಲೂ ಸ್ವಲ್ಪ ಕಡಿಮೆಯೇ ಬರುತ್ತದೆ. ಅಲ್ಲಿಯ ಅಂಕಿಯನ್ನೂ ಇಲ್ಲಿಯದನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬಾರದು.

ಮಾತಿನ ಗೊಂದಲ ಇನ್ನೊಂದಿದೆ. ನಮ್ಮ ಕಡೆ ಎರಡು ದಿನ ಜಿಟಿಜಿಟಿ ಮಳೆ ಹಿಡಿದರೆ "ಸೈಕ್ಲೋನ್ ಹತ್ತೈತಿ" ಅನ್ನುತ್ತೇವೆ. ಅದರ ಹಿಂದೆ ಸಣ್ಣದೊಂದು ವಾಯುಭಾರ ಕುಸಿತ ಇರಬಹುದು, ಇರದೆಯೂ ಇರಬಹುದು. 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆಗಳನ್ನು ಮುಳುಗಿಸಿದ್ದು ನೈರುತ್ಯ ಮುಂಗಾರಿನ ಮಳೆ ಮತ್ತು ನದಿಗಳ ನೀರು, ಚಂಡಮಾರುತವಲ್ಲ.

ಹರವಿ ನೀರಿನ ಶಾಖದ ಲೆಕ್ಕ

ಬೇಸಿಗೆಯಲ್ಲಿ ಮಣ್ಣಿನ ಹರವಿಯ ನೀರು ತಂಪಾಗಿರುತ್ತದೆ. ಹರವಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಎತ್ತಿಕೊಂಡು ಹೋಗುತ್ತದೆ. ಆ ಶಾಖ ಎಲ್ಲೂ ಕಳೆದುಹೋಗುವುದಿಲ್ಲ, ಆವಿಯೊಳಗೇ ಅಡಗಿರುತ್ತದೆ. ಆವಿ ಮತ್ತೆ ನೀರಿನ ಹನಿಯಾದಾಗ ಅಷ್ಟೂ ಶಾಖ ಹೊರಬರುತ್ತದೆ. ಒಂದು ಲೀಟರ್ ನೀರಿನ ಆವಿ ಹನಿಯಾದಾಗ ಸಿಗುವ ಶಾಖ, 1,000 ವ್ಯಾಟ್‌ನ ಹೀಟರನ್ನು ಸುಮಾರು 40 ನಿಮಿಷ ಉರಿಸಿದಷ್ಟು. ನೂರಾರು ಕಿ.ಮೀ. ಅಗಲದ ಸಮುದ್ರದಿಂದ ಎದ್ದ ಆವಿಯ ಲೆಕ್ಕ ಇದಕ್ಕೆ ಸೇರಿದರೆ ಚಂಡಮಾರುತಕ್ಕೆ ಬಲ ಎಲ್ಲಿಂದ ಬರುತ್ತದೆ ಎಂಬುದು ತಿಳಿಯುತ್ತದೆ.

ಮುಂದಿನದನ್ನು ಮುಧೋಳ, ಮಹಾಲಿಂಗಪುರ ಕಡೆಯ ಬೆಲ್ಲದ ಒಲೆಯಲ್ಲಿ ನೋಡಬಹುದು. ಚಿಮಣಿಯಲ್ಲಿ ಬಿಸಿ ಗಾಳಿ ಮೇಲೇರಿದಂತೆ ಒಲೆಯ ಬಾಯಿಯಿಂದ ಹೊಸ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಉರಿ ಹೆಚ್ಚಿದಷ್ಟೂ ಎಳೆತ ಹೆಚ್ಚು. ಸಮುದ್ರದ ಮೇಲೂ ಹೀಗೆಯೇ. ಬಿಸಿ, ತೇವ ತುಂಬಿದ ಗಾಳಿ ನಡುವಿನಲ್ಲಿ ಮೇಲೇರುತ್ತದೆ, ಮೇಲೆ ಮೋಡವಾಗಿ ಶಾಖ ಬಿಡುತ್ತದೆ, ಕೆಳಗೆ ಒತ್ತಡ ಇಳಿಯುತ್ತದೆ. 'ವಾಯುಭಾರ ಕುಸಿತ' ಎಂಬ ಮಾತಿನ ಅರ್ಥ ಇದೇ. ಸಮುದ್ರ ಮಟ್ಟದಲ್ಲಿ ಸಾಮಾನ್ಯ ಒತ್ತಡ ಸುಮಾರು 1,013 ಹೆಕ್ಟೊಪ್ಯಾಸ್ಕಲ್; ಮೆಲಿಸಾ ಜಮೈಕಾ ಮುಟ್ಟುವಾಗ ಅದರ ನಡುವೆ 892ಕ್ಕೆ ಇಳಿದಿತ್ತು.

ಸುತ್ತಲಿನ ಗಾಳಿ ನಡುವಿನತ್ತ ನೇರ ನುಗ್ಗದೆ ಸುತ್ತು ಹಾಕುವುದು ಭೂಮಿ ತಿರುಗುತ್ತಿರುವುದರಿಂದ. ಭೂಮಧ್ಯರೇಖೆಯ ತೀರ ಹತ್ತಿರ, ಸುಮಾರು 5 ಡಿಗ್ರಿಯೊಳಗೆ, ಈ ತಿರುಚುವಿಕೆ ಸಾಲದೆ ಅಲ್ಲಿ ಚಂಡಮಾರುತ ಹುಟ್ಟುವುದು ತೀರ ವಿರಳ. ನಡುವಿಗೆ ಹತ್ತಿರವಾದಂತೆ ಸುತ್ತು ಬಿರುಸಾಗುತ್ತದೆ. ಜೋಳದ ಹೊಲದಲ್ಲಿ ಹಕ್ಕಿ ಓಡಿಸುವಾಗ ಕವಣೆಯ ಹಗ್ಗವನ್ನು ಗಿಡ್ಡ ಹಿಡಿದರೆ ಕಲ್ಲು ವೇಗವಾಗಿ ತಿರುಗುವಂತೆ. ನಟ್ಟನಡುವೆ ಮಾತ್ರ ಗಾಳಿ ಕೆಳಗಿಳಿಯುತ್ತದೆ, ಮೋಡ ಕರಗುತ್ತದೆ. ಅದೇ ಕಣ್ಣು. ಕಣ್ಣಿನೊಳಗೆ ಶಾಂತ, ಅದರ ಸುತ್ತಲಿನ ಮೋಡದ ಗೋಡೆಯಲ್ಲಿ ಎಲ್ಲಕ್ಕಿಂತ ಭೀಕರ ಗಾಳಿ.

ಒಂದೇ ದಿನದಲ್ಲಿ ಉಬ್ಬುವ ಬಲ

ಬಲ ಏರಲು ಮೂರು ಅನುಕೂಲ ಬೇಕು. ಸಮುದ್ರದ ಮೇಲ್ಮೈ 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಿರಬೇಕು. ಆ ಬಿಸಿ ಕೆಳಗೆ ಸುಮಾರು 50 ಮೀಟರ್‌ವರೆಗೆ ಇರಬೇಕು. ಇಲ್ಲದಿದ್ದರೆ ಬಿರುಗಾಳಿ ತಾನೇ ನೀರನ್ನು ಕಲಕಿ ಆಳದ ತಣ್ಣೀರನ್ನು ಮೇಲೆ ತಂದು ತನ್ನ ಒಲೆಯನ್ನು ತಾನೇ ಆರಿಸಿಕೊಳ್ಳುತ್ತದೆ. ಮೂರನೆಯದು, ಮೇಲಿನ ಗಾಳಿ ಮತ್ತು ಕೆಳಗಿನ ಗಾಳಿ ಹೆಚ್ಚು ಬೇರೆ ಬೇರೆ ದಿಕ್ಕಿಗೆ ಬೀಸಬಾರದು. ಬೀಸಿದರೆ ಚಿಮಣಿಯ ತಲೆಯನ್ನು ಪಕ್ಕಕ್ಕೆ ವಾಲಿಸಿದಂತಾಗಿ ಎಳೆತ ಮುರಿಯುತ್ತದೆ. ಮುಂಗಾರು ಜೋರಾಗಿರುವ ಜುಲೈ, ಆಗಸ್ಟ್‌ನಲ್ಲಿ ಸಮುದ್ರ ಬಿಸಿಯಿದ್ದರೂ ಚಂಡಮಾರುತ ಅಪರೂಪವಾಗಲು ಮುಖ್ಯ ಕಾರಣ ಇದು. ನಮ್ಮ ಸಮುದ್ರಗಳಲ್ಲಿ ಇವುಗಳ ಕಾಲ ಎರಡು: ಮುಂಗಾರಿಗೆ ಮೊದಲು ಏಪ್ರಿಲ್‌ನಿಂದ ಜೂನ್ ಆರಂಭದವರೆಗೆ, ಆಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್.

ಮೂರೂ ಕೂಡಿಬಂದರೆ 24 ಗಂಟೆಯಲ್ಲಿ ಗಾಳಿಯ ವೇಗ 55 ಕಿ.ಮೀ. ಅಥವಾ ಅದಕ್ಕೂ ಹೆಚ್ಚು ಏರಬಹುದು. ತಜ್ಞರು ಇದನ್ನು ಕ್ಷಿಪ್ರ ತೀವ್ರತೆ ಎನ್ನುತ್ತಾರೆ, ಮುನ್ಸೂಚನೆಯವರ ನಿದ್ದೆ ಕೆಡಿಸುವುದು ಇದೇ. 2023ರ ಅಕ್ಟೋಬರ್‌ನಲ್ಲಿ ಮೆಕ್ಸಿಕೊದ ಅಕಾಪುಲ್ಕೊ ನಗರದತ್ತ ಬರುತ್ತಿದ್ದ ಓಟಿಸ್ ಸಾಮಾನ್ಯ ಬಿರುಗಾಳಿಯಾಗಿದ್ದದ್ದು ಒಂದೇ ದಿನದೊಳಗೆ ಐದನೇ ಕೆಟಗರಿಗೆ ಏರಿತು. ಕಂಪ್ಯೂಟರ್ ಮಾದರಿಗಳು ಅದನ್ನು ಮುಂಚೆ ಹೇಳಲಿಲ್ಲ, ಜನರಿಗೆ ಊರು ಬಿಡಲು ಸಮಯ ಸಿಗಲಿಲ್ಲ. ಬಿರುಗಾಳಿಯ ಒಳಗೋಡೆ ಬರೀ ಹತ್ತಾರು ಕಿ.ಮೀ. ಅಗಲದ್ದು. ಅಲ್ಲಿ ಗಂಟೆಗಂಟೆಗೂ ಆಗುವ ಬದಲಾವಣೆಯನ್ನು ದೊಡ್ಡ ಪ್ರದೇಶಕ್ಕೆ ಲೆಕ್ಕ ಹಾಕುವ ಮಾದರಿಗಳು ಹಿಡಿಯುವುದು ಕಷ್ಟ. ಬಿರುಗಾಳಿ ಎತ್ತ ಹೋಗುತ್ತದೆ ಎಂಬುದರ ಅಂದಾಜು ಎಷ್ಟು ಸುಧಾರಿಸಿದೆಯೋ, ಎಷ್ಟು ಬಲವಾಗುತ್ತದೆ ಎಂಬುದರದು ಅಷ್ಟು ಸುಧಾರಿಸಿಲ್ಲ.

ಇನ್ನೊಂದು ಲೆಕ್ಕ ನೆನಪಿಡಬೇಕು. ಗಾಳಿಯ ವೇಗ ಎರಡು ಪಟ್ಟಾದರೆ ಗೋಡೆ, ತಗಡು, ಗಿಡದ ಮೇಲೆ ಬೀಳುವ ಒತ್ತಡ ನಾಲ್ಕು ಪಟ್ಟಾಗುತ್ತದೆ.

ನಡುಸಮುದ್ರದ ಗಾಳಿಯನ್ನು ಅಳೆಯುವವರು ಯಾರು?

ಅಟ್ಲಾಂಟಿಕ್‌ನಲ್ಲಿ ಅಮೆರಿಕದವರು ವಿಮಾನವನ್ನೇ ಬಿರುಗಾಳಿಯೊಳಗೆ ನುಗ್ಗಿಸಿ, ಪ್ಯಾರಾಚೂಟ್ ಕಟ್ಟಿದ ಸಣ್ಣ ಉಪಕರಣಗಳನ್ನು ಕೆಳಗೆ ಬಿಟ್ಟು ಒತ್ತಡ, ಗಾಳಿ, ತೇವ ಅಳೆಯುತ್ತಾರೆ. ನಮ್ಮ ಸಮುದ್ರಗಳ ಮೇಲೆ ಅಂಥ ನಿಯಮಿತ ಹಾರಾಟವಿಲ್ಲ. ಇಲ್ಲಿ ಮೊದಲ ಕಣ್ಣು ಉಪಗ್ರಹ.

ಸುಮಾರು 36,000 ಕಿ.ಮೀ. ಎತ್ತರದಲ್ಲಿ ಒಂದೇ ಕಡೆ ನಿಂತಂತಿರುವ ಇನ್ಸಾಟ್-3ಡಿಆರ್ ಮತ್ತು 2024ರ ಫೆಬ್ರುವರಿಯಲ್ಲಿ ಹಾರಿದ ಇನ್ಸಾಟ್-3ಡಿಎಸ್ ಹಗಲು ರಾತ್ರಿ ಚಿತ್ರ ಕಳಿಸುತ್ತವೆ. ರಾತ್ರಿಯ ಚಿತ್ರ ಮೋಡದ ತಲೆಯ ಉಷ್ಣತೆಯದು. ಮೋಡ ಎತ್ತರವಾದಷ್ಟೂ ಅದರ ತಲೆ ತಣ್ಣಗೆ, ಕೆಲವೊಮ್ಮೆ ಮೈನಸ್ 80 ಡಿಗ್ರಿ. ಚಿತ್ರದಲ್ಲಿ ಕಡುಬಣ್ಣದಲ್ಲಿ ಕಾಣುವುದು ಈ ಎತ್ತರದ ಮೋಡ. ಇಲ್ಲೊಂದು ತಪ್ಪು ತಿಳಿವಳಿಕೆ ಆಗಾಗ ಆಗುತ್ತದೆ. ಚಂಡಮಾರುತದ ತಲೆಯಿಂದ ನೂರಾರು ಕಿ.ಮೀ. ಹರಡುವ ತೆಳುವಾದ ಎತ್ತರದ ಮೋಡ ವಿಜಯಪುರದ ಮೇಲೂ ಚಾಚಿರಬಹುದು. ಅದರಿಂದ ಹನಿಯೂ ಬೀಳದು. ಮೋಡದ ಚಿತ್ರ ನಮ್ಮ ಜಿಲ್ಲೆಯನ್ನು ಮುಚ್ಚಿತು ಎಂದರೆ ಮಳೆ ಬಂತು ಎಂದಲ್ಲ.

ಚಿತ್ರದಿಂದ ಗಾಳಿಯ ವೇಗ ಅಂದಾಜಿಸುವ ವಿಧಾನವನ್ನು 1970ರ ದಶಕದಲ್ಲಿ ಅಮೆರಿಕದ ವರ್ನನ್ ಡ್ವೊರಾಕ್ ರೂಪಿಸಿದರು. ಮೋಡದ ಪಟ್ಟೆ ಎಷ್ಟು ಸುತ್ತು ಸುತ್ತಿದೆ, ಕಣ್ಣು ಮೂಡಿದೆಯೇ, ಕಣ್ಣು ಎಷ್ಟು ಬೆಚ್ಚಗಿದೆ, ಸುತ್ತಲಿನ ಗೋಡೆ ಎಷ್ಟು ತಣ್ಣಗಿದೆ ಎಂದು ನೋಡಿ 1ರಿಂದ 8ರವರೆಗೆ ಅಂಕ ಕೊಡುತ್ತಾರೆ, ಅರ್ಧರ್ಧ ಅಂಕದ ಏರಿಕೆಯಲ್ಲಿ. ಬುಲೆಟಿನ್‌ಗಳಲ್ಲಿ ಬರುವ 'ಟಿ' ಸಂಖ್ಯೆ ಇದೇ. ಟಿ 2.5 ಬಂದರೆ ಚಂಡಮಾರುತ, 4.0 ಬಂದರೆ ಅತಿ ತೀವ್ರ, 6.5 ಎಂದರೆ ಸೂಪರ್ ಸೈಕ್ಲೋನ್. ದನದ ಸಂತೆಯಲ್ಲಿ ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುವಂಥ ವಿದ್ಯೆ ಇದು. ನುರಿತ ಕಣ್ಣು ಬೇಕು, ಇಬ್ಬರು ನುರಿತವರಿಗೂ ಅರ್ಧ ಅಂಕದ ವ್ಯತ್ಯಾಸ ಬರುವುದುಂಟು.

ಮೇಲಿನ ಮೋಡದ ಹೊದಿಕೆ ಒಳಗಿನ ಸುಳಿಯನ್ನು ಮುಚ್ಚಿದಾಗ ಸೂಕ್ಷ್ಮತರಂಗ ಉಪಗ್ರಹಗಳು ಹೊದಿಕೆ ದಾಟಿ ಒಳಗಿನ ಮಳೆಯ ಗೋಡೆಯನ್ನು ತೋರಿಸುತ್ತವೆ. ಆದರೆ ಅವು ಒಂದೆಡೆ ನಿಲ್ಲದೆ ಭೂಮಿಯನ್ನು ಸುತ್ತುವುದರಿಂದ ಬೇಕಾದ ಹೊತ್ತಿಗೆ ಅಲ್ಲಿರುವುದಿಲ್ಲ. 2022ರಲ್ಲಿ ಹಾರಿದ ಓಷನ್‌ಸ್ಯಾಟ್-3 ಸಮುದ್ರದ ಮೇಲಿನ ಸಣ್ಣ ಅಲೆಗಳಿಂದ ರೇಡಿಯೊ ತರಂಗ ಪುಟಿದು ಬರುವ ಬಗೆ ನೋಡಿ ಗಾಳಿಯ ದಿಕ್ಕು, ವೇಗ ಲೆಕ್ಕ ಹಾಕುತ್ತದೆ. ಲಂಗರು ಹಾಕಿ ನಿಲ್ಲಿಸಿದ ತೇಲುಬುರುಡೆಗಳು ನೀರಿನ ಬಿಸಿ, ಒತ್ತಡ ಹೇಳುತ್ತವೆ. ದಡಕ್ಕೆ ಕೆಲವು ನೂರು ಕಿ.ಮೀ. ಹತ್ತಿರವಾದ ಮೇಲೆ ಚೆನ್ನೈ, ಮಚಲೀಪಟ್ಟಣ, ವಿಶಾಖಪಟ್ಟಣ, ಗೋವಾ, ಮುಂಬೈಯಂಥ ಕಡೆಯ ಡಾಪ್ಲರ್ ರೇಡಾರ್‌ಗಳು ಕಣ್ಣನ್ನು ನಿಮಿಷಗಳ ಲೆಕ್ಕದಲ್ಲಿ ಹಿಂಬಾಲಿಸುತ್ತವೆ. ಭೂಮಿ ದುಂಡಗಿರುವುದರಿಂದ ರೇಡಾರಿನ ಕಿರಣ ದೂರ ಹೋದಷ್ಟೂ ನೆಲದಿಂದ ಮೇಲೇರುತ್ತದೆ, ಕೆಳಗಿನ ಮಳೆ ತಪ್ಪಿಹೋಗುತ್ತದೆ. ಅದಕ್ಕೇ ಅದರ ನೋಟ ಇನ್ನೂ ಮುಂದೆ ಚಾಚುವುದಿಲ್ಲ.

ಬುಗುರಿ ತಿರುಗುವುದು ಬೇರೆ, ಸರಿಯುವುದು ಬೇರೆ

ಬುಗುರಿ ತನ್ನಷ್ಟಕ್ಕೆ ಗಿರಗಿರ ತಿರುಗುತ್ತಲೇ ನಿಧಾನ ಅತ್ತಿತ್ತ ಸರಿಯುತ್ತದೆ. ಚಂಡಮಾರುತಕ್ಕೂ ಈ ಎರಡು ವೇಗಗಳಿವೆ. ಗಂಟೆಗೆ 150 ಕಿ.ಮೀ. ವೇಗದಲ್ಲಿ ತಿರುಗುವ ಬಿರುಗಾಳಿ ಮುಂದಕ್ಕೆ ಗಂಟೆಗೆ 10–15 ಕಿ.ಮೀ. ಅಷ್ಟೇ ಸರಿಯಬಹುದು. ಸರಿಸುವುದು ಅದರ ಸುತ್ತಲಿನ ದೊಡ್ಡ ಗಾಳಿಯ ಹರಿವು. ತುಂಬಿದ ಕೃಷ್ಣೆಯಲ್ಲಿ ಸುಳಿ ತಿರುಗುತ್ತಲೇ ಹೊಳೆಯೊಂದಿಗೆ ತೇಲುವಂತೆ.

ನಮ್ಮ ಅಕ್ಷಾಂಶದಲ್ಲಿ ಈ ಹರಿವು ಸಾಮಾನ್ಯವಾಗಿ ಪಶ್ಚಿಮ, ವಾಯವ್ಯಕ್ಕೆ. ಬಂಗಾಳ ಕೊಲ್ಲಿಯವು ಆಂಧ್ರ, ಒಡಿಶಾ, ತಮಿಳುನಾಡಿನತ್ತ ಬರಲು ಕಾರಣ ಅದೇ. ಕೆಲವೊಮ್ಮೆ ಉತ್ತರದ ಗಾಳಿಗಳು ಎಳೆದು ಹಾದಿಯನ್ನು ಈಶಾನ್ಯಕ್ಕೆ ತಿರುಗಿಸುತ್ತವೆ. ಎರಡು ಹರಿವುಗಳ ನಡುವೆ ಸಿಕ್ಕರೆ ಬಿರುಗಾಳಿ ನಿಂತಲ್ಲೇ ತೂಗುತ್ತದೆ, ಅಂದಾಜು ಹೆಚ್ಚು ತಪ್ಪುವುದು ಆಗ. 2023ರ ಜೂನ್‌ನ ಬಿಪರ್‌ಜಾಯ್ ಅರಬ್ಬಿ ಸಮುದ್ರದಲ್ಲಿ ಹಾದಿ ಬದಲಿಸುತ್ತ 10 ದಿನ ಅಲೆದು, ಕೊನೆಗೆ 15ರಂದು ಗುಜರಾತಿನ ಜಖಾವು ಬಂದರಿನ ಬಳಿ ದಡ ಹತ್ತಿತು. 2019ರ ಅಕ್ಟೋಬರ್‌ನ ಕ್ಯಾರ್ ಅರಬ್ಬಿ ಸಮುದ್ರದಲ್ಲೇ ಸೂಪರ್ ಸೈಕ್ಲೋನ್ ಆಗಿ, ಪಶ್ಚಿಮಕ್ಕೆ ಹೊರಳಿ, ಭಾರತದ ನೆಲ ಮುಟ್ಟದೆ ಕರಗಿತು.

ನಕ್ಷೆಯ ಮೇಲಿನ ಶಂಕುವಿನಾಕಾರದ ಪಟ್ಟೆ ಹುಟ್ಟುವುದು ಈ ಅನಿಶ್ಚಿತತೆಯಿಂದ. ಹಿಂದಿನ ವರ್ಷಗಳ ಅಂದಾಜು ಎಷ್ಟೆಷ್ಟು ತಪ್ಪಿತ್ತು ಎಂಬ ಲೆಕ್ಕದಿಂದ ಅದರ ಅಗಲ ಬರುತ್ತದೆ. ಬಿರುಗಾಳಿಯ ಕಣ್ಣು ಬಹುತೇಕ ಆ ಪಟ್ಟೆಯೊಳಗೆ ಸಾಗೀತು ಎಂಬುದಷ್ಟೇ ಅದರ ಅರ್ಥ. ಅದು ಮಳೆಯ ಅಗಲವೂ ಅಲ್ಲ, ಬಿರುಗಾಳಿಯ ಗಾತ್ರವೂ ಅಲ್ಲ. ಪಟ್ಟೆ ಕಾಕಿನಾಡ, ಹೈದರಾಬಾದ್ ಕಡೆಗಿದ್ದರೂ ಮಳೆ ಇಂಡಿ, ಸಿಂದಗಿಗೆ ಬೀಳಬಹುದು. ನಡುವಿನ ಗೆರೆಯೊಂದನ್ನೇ ನೋಡಿ ನಿರುಮ್ಮಳವಾಗುವುದು ದೊಡ್ಡ ತಪ್ಪು. 24 ಗಂಟೆ ಮುಂಚಿನ ಅಂದಾಜು ಈಗ ಸರಾಸರಿ 100 ಕಿ.ಮೀ.ಗಿಂತ ಕಡಿಮೆ ತಪ್ಪುತ್ತದೆ. ಮೂರು ದಿನ ಮುಂಚಿನದು ಅದಕ್ಕಿಂತ ಹೆಚ್ಚು, ಹತ್ತು ದಿನ ಮುಂಚೆ ವಾಟ್ಸಾಪಿನಲ್ಲಿ ಓಡಾಡುವ ಬಣ್ಣದ ಚಿತ್ರ ಒಂದು ಮಾದರಿಯ ಒಂದು ಹೊತ್ತಿನ ಲೆಕ್ಕ ಅಷ್ಟೇ.

ಹೆಸರಿಲ್ಲದ ಬಿರುಗಾಳಿ ತಂದ ನೆರೆ

ಕಣ್ಣಿನ ನಡುಭಾಗ ತೀರ ದಾಟುವ ಗಳಿಗೆಯನ್ನು ನೆಲಸ್ಪರ್ಶ ಎನ್ನುತ್ತಾರೆ. ಅಲ್ಲಿಂದ ಬಿಸಿನೀರಿನ ಆಧಾರ ತಪ್ಪುತ್ತದೆ, ಮನೆ, ಮರ, ಗುಡ್ಡಗಳ ಘರ್ಷಣೆ ಸೇರುತ್ತದೆ, ಗಾಳಿ ಬೇಗ ಇಳಿಯುತ್ತದೆ. ವಿಜಯಪುರದಿಂದ ಮಚಲೀಪಟ್ಟಣಕ್ಕೆ ನೇರ ಅಂತರವೇ ಸುಮಾರು 575 ಕಿ.ಮೀ. ಅಷ್ಟು ದೂರ ಬರುವಷ್ಟರಲ್ಲಿ ಚಂಡಮಾರುತ ಬರೀ ವಾಯುಭಾರ ಕುಸಿತವಾಗಿರುತ್ತದೆ, ಟಿವಿಯವರು ಕ್ಯಾಮೆರಾ ಮಡಚಿರುತ್ತಾರೆ. ಆದರೆ ಅದು ಹೊತ್ತುತಂದ ತೇವ ಹಾಗೇ ಇರುತ್ತದೆ.

2020ರ ಅಕ್ಟೋಬರ್ 13ರ ಬೆಳಿಗ್ಗೆ ಕಾಕಿನಾಡ ಬಳಿ ತೀರ ದಾಟಿದ್ದು ಒಂದು ತೀವ್ರ ವಾಯುಭಾರ ಕುಸಿತ. 63 ಕಿ.ಮೀ. ದಾಟದ ಕಾರಣ ಅದಕ್ಕೆ ಹೆಸರೂ ಸಿಗಲಿಲ್ಲ. ಅದು ತೆಲಂಗಾಣ ದಾಟಿ, ಹೈದರಾಬಾದನ್ನು ಮುಳುಗಿಸಿ, ಕರ್ನಾಟಕದ ಉತ್ತರ ಅಂಚು ಮತ್ತು ಸೊಲ್ಲಾಪುರ ಸೀಮೆಯ ಮೇಲೆ ಸಾಗಿ ಅರಬ್ಬಿ ಸಮುದ್ರ ಸೇರಿತು. ಮಹಾರಾಷ್ಟ್ರದಲ್ಲಿ ಭೀಮಾ ನದಿಗೆ ಕಟ್ಟಿದ, ಆಗ ತುಂಬಿದ್ದ ಉಜನಿ ಜಲಾಶಯದಿಂದ ನೀರು ಬಿಡಬೇಕಾಯಿತು, ಕೆಳಗೆ ಸುರಿದ ಮಳೆಯೂ ಕೂಡಿತು, ಭೀಮಾ ಉಕ್ಕಿ ವಿಜಯಪುರ ಮತ್ತು ಕಲಬುರಗಿ ಜಿಲ್ಲೆಗಳ ತೀರದ ಹಳ್ಳಿಗಳಿಗೆ ನೀರು ನುಗ್ಗಿತು. ಗಾಳಿಯ ಮೆಟ್ಟಿಲಿನಲ್ಲಿ ಅದು ಎರಡನೆಯದು. ನಮಗೆ ಅದು ಸೂಪರ್ ಸೈಕ್ಲೋನ್ ಆಗಿದ್ದ ಕ್ಯಾರ್‌ಗಿಂತ ಘೋರವಾಯಿತು.

ಅಕ್ಟೋಬರ್ ಮಳೆ ಇಷ್ಟು ಹಾನಿ ಮಾಡಲು ಎರಡು ಕಾರಣ. ಮುಂಗಾರು ಮುಗಿಯುವ ಹೊತ್ತಿಗೆ ಜಲಾಶಯಗಳಲ್ಲಿ ಜಾಗವಿರುವುದಿಲ್ಲ. ಆಲಮಟ್ಟಿ ತನ್ನ 519.60 ಮೀಟರ್ ಮಟ್ಟದಲ್ಲಿ, 123 ಟಿಎಂಸಿ ಅಡಿ ತುಂಬಿ ನಿಂತಿದ್ದರೆ ಬಂದ ನೀರನ್ನೆಲ್ಲ ಕೆಳಗೆ ಬಿಡಲೇಬೇಕು. ಎರಡನೆಯದು ನಮ್ಮ ಎರಿ ಮಣ್ಣು. ನೆನೆದ ಮೇಲೆ ಉಬ್ಬಿ ಬಿರುಕು ಮುಚ್ಚಿಕೊಂಡರೆ ನೀರು ಇಂಗುವುದು ಬಹಳ ನಿಧಾನ. ಒಂದು ಎಕರೆಗೆ 1 ಮಿ.ಮೀ. ಮಳೆ ಎಂದರೆ ಸುಮಾರು 4,000 ಲೀಟರ್. ಒಂದು ರಾತ್ರಿ 100 ಮಿ.ಮೀ. ಸುರಿದರೆ ಎಕರೆಗೆ 4 ಲಕ್ಷ ಲೀಟರ್, ಅಂದರೆ 5,000 ಲೀಟರಿನ 80 ಟ್ಯಾಂಕರ್. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ನೋಡುವ ವಿಜಯಪುರಕ್ಕೆ ಅದು ವರ್ಷದ ಆರನೇ ಒಂದು ಪಾಲು.

ಅರಬ್ಬಿ ಸಮುದ್ರದವುಗಳ ರೀತಿ ಬೇರೆ. ಬೆಳಗಾವಿಯಿಂದ ಗೋವಾ ತೀರ ಸುಮಾರು 80 ಕಿ.ಮೀ. ಮಾತ್ರ. 2021ರ ಮೇ ತಿಂಗಳ ತೌಕ್ತೆ ಹಾಗೆ ತೀರಕ್ಕೆ ಸಮಾನಾಂತರವಾಗಿ ಉತ್ತರಕ್ಕೆ ಸಾಗುವಾಗ ಅದರ ಬಲಗಡೆಯ ತೇವದ ಗಾಳಿ ಘಟ್ಟಕ್ಕೆ ಬಡಿಯುತ್ತದೆ. ಖಾನಾಪುರ, ಕಣಕುಂಬಿಯಲ್ಲಿ ಸುರಿದ ಮಳೆ ಮಲಪ್ರಭೆಗೆ ಇಳಿಯುತ್ತದೆ. ಘಟ್ಟ ದಾಟಿ ಪೂರ್ವಕ್ಕೆ ಹೋದಂತೆ ಮಳೆ ಬೇಗ ಕಡಿಮೆಯಾಗುತ್ತದೆ. ಇಷ್ಟೇ ಅಲ್ಲ, ಜೂನ್‌ನಲ್ಲಿ ಅರಬ್ಬಿಯಲ್ಲಿ ಎದ್ದ ಬಿರುಗಾಳಿ ಮುಂಗಾರಿನ ತೇವವನ್ನೇ ತನ್ನತ್ತ ಸೆಳೆದು ನಮ್ಮ ಬಿತ್ತನೆಯನ್ನು ಹಿಂದೂಡಬಹುದು. ಬಿಪರ್‌ಜಾಯ್ ವರ್ಷ ಮುಂಗಾರು ಕೇರಳ ಮುಟ್ಟಿದ್ದು ವಾಡಿಕೆಯ ಜೂನ್ 1ರ ಬದಲು 8ಕ್ಕೆ.

ಬುಲೆಟಿನ್ ಹಿಡಿದು ಹೊಲಕ್ಕೆ

ಹವಾಮಾನ ಇಲಾಖೆ ತೀರಕ್ಕೆ ಎಚ್ಚರಿಕೆ ಕೊಡುವುದು ನಾಲ್ಕು ಹಂತದಲ್ಲಿ: 72 ಗಂಟೆ ಮುಂಚೆ ನಿಗಾ, 48 ಗಂಟೆ ಮುಂಚೆ ಹಳದಿ, 24 ಗಂಟೆ ಮುಂಚೆ ಕಿತ್ತಳೆ, 12 ಗಂಟೆ ಮುಂಚೆ ಕೆಂಪು. ಕೊನೆಯದನ್ನು ಒಳನಾಡಿನವರು ಗಮನವಿಟ್ಟು ಓದಬೇಕು. ನೆಲಸ್ಪರ್ಶದ ಆಮೇಲೆ ಬಿರುಗಾಳಿ ಒಳಗೆ ಎತ್ತ ಸಾಗುತ್ತದೆ, ಎಲ್ಲಿ ಮಳೆ ಎಂಬುದು ಅದರಲ್ಲಿರುತ್ತದೆ. ನಮ್ಮ ಮೂರು ಜಿಲ್ಲೆಗಳನ್ನು ಹುಡುಕಬೇಕಾದದ್ದು 'ಉತ್ತರ ಒಳನಾಡು' ಎಂಬಲ್ಲಿ.

ಪದಗಳಿಗೆ ಅಳತೆ ಇದೆ. 'ಭಾರಿ' ಎಂದರೆ 24 ಗಂಟೆಯಲ್ಲಿ 64.5 ಮಿ.ಮೀ.ಗಿಂತ ಹೆಚ್ಚು, 'ಅತಿ ಭಾರಿ' 115.6ರಿಂದ, 'ಅತ್ಯಂತ ಭಾರಿ' 204.4ರ ಮೇಲೆ. ಆ 24 ಗಂಟೆ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. 14ನೇ ತಾರೀಖಿನ ಮಳೆ ಎಂದು ಬರೆದಿದ್ದರಲ್ಲಿ 13ರ ಹಗಲಿನದೂ ಸೇರಿರುತ್ತದೆ. 'ಒಂದೆರಡು ಕಡೆ ಭಾರಿ' ಎಂದಿದ್ದರೆ ನಿಮ್ಮ ಊರಿಗೆ ಬಾರದೆಯೂ ಹೋಗಬಹುದು, 'ಬಹುತೇಕ ಕಡೆ' ಎಂದಿದ್ದರೆ ಬರುತ್ತದೆ ಎಂದೇ ತಿಳಿದು ಕೆಲಸ ಹಚ್ಚಬೇಕು. ಬುಲೆಟಿನ್‌ನಲ್ಲಿ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಅಂತಾರಾಷ್ಟ್ರೀಯ ಸಮಯ ಕೊಟ್ಟಿದ್ದರೆ ಐದೂವರೆ ಗಂಟೆ ಕೂಡಿಸಿಕೊಳ್ಳಿ.

ಒಳಗೆ ಬಂದ ಶೇಷ ಎಷ್ಟು ವೇಗವಾಗಿ ಸಾಗುತ್ತದೆ ಎಂಬ ಸಾಲನ್ನು ಬಿಡದೆ ಓದಿ. ಬೇಗ ದಾಟಿದರೆ ಒಂದು ಹದ ಮಳೆ, ಹಿಂಗಾರಿ ಜೋಳಕ್ಕೆ ಒಳ್ಳೆಯದೇ. ತೂಗುತ್ತ ನಿಂತರೆ ನೆರೆ.

ಮಳೆ ನಿಂತ ಮೇಲೆ ಎರಿ ಹೊಲಕ್ಕೆ ಟ್ರ್ಯಾಕ್ಟರ್ ಇಳಿಯಲು ಹಲವು ದಿನ ಬೇಕು. ಅದಕ್ಕೇ ದ್ರಾಕ್ಷಿಯವರಿಗೆ ಸಿಂಪಡಣೆಯ ಹೊತ್ತು ಮಳೆಗೆ ಮುಂಚಿನದು. ಅಕ್ಟೋಬರ್ ಚಾಟಣಿಯ (ಬಳ್ಳಿ ಸವರುವ ಕೆಲಸದ) ಆಮೇಲೆ ಹೂ ಬಿಡುವ ಹಂತದಲ್ಲಿ ಎಲೆ, ಗೊಂಚಲು ಕೆಲವು ಗಂಟೆ ಒದ್ದೆಯಾಗಿ ಉಳಿದರೂ ಡೌನಿ ಎಂಬ ಬೂಜು ರೋಗ ಹತ್ತುತ್ತದೆ. ಎಲೆಯ ಮೇಲೆ ಕೂರುವ ಔಷಧಿ ಮಳೆಗೆ ತೊಳೆದುಹೋಗುತ್ತದೆ, ಒಳಗೆ ಹೀರುವ ಔಷಧಿಗೆ ಹೀರಲು ಒಣ ಹೊತ್ತು ಬೇಕು. ಯಾವುದು, ಎಷ್ಟು ಎಂಬುದನ್ನು ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಅಥವಾ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದ ತಜ್ಞರನ್ನು ಕೇಳಿ ತಿಳಿದುಕೊಳ್ಳಬೇಕು. ಕಿತ್ತ ಉಳ್ಳಾಗಡ್ಡಿಯನ್ನು ಹೊಲದಲ್ಲೇ ಬಿಡಬಾರದು. ತಾಡಪತ್ರಿ ಹೊದಿಸಿದರೆ ಸಾಲದು, ಕೆಳಗಿನಿಂದ ನೀರು ಹರಿಯದಂತೆ ಎತ್ತರದಲ್ಲಿಡಬೇಕು, ಮಳೆ ಬಿಟ್ಟ ಕೂಡಲೇ ತೆರೆದು ಗಾಳಿಯಾಡಿಸಬೇಕು. ತೊಗರಿಯಲ್ಲಿ ಇಳಿಜಾರಿಗೆ ಬಸಿಗಾಲುವೆ ತೆಗೆಯಲು ಗುದ್ದಲಿ ಕೆಲಸ ಒಂದು ದಿನದ್ದು, ಅದು ಮೊದಲೇ ಆಗಬೇಕು. ಎರಡು ದಿನದೊಳಗೆ ಭಾರಿ ಮಳೆ ಇದೆ ಎಂದಾಗ ಜೋಳ ಬಿತ್ತಿದರೆ ಮೇಲ್ಮಣ್ಣು ಹೆಪ್ಪುಗಟ್ಟಿ ಮೊಳಕೆ ಮೇಲೇಳುವುದಿಲ್ಲ.

ಹೊಳೆಸಾಲಿನವರು ತಮ್ಮ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಬೇಕು. ಭೀಮಾ ತೀರದವರಿಗೆ ಆಲಮಟ್ಟಿಯ ಮಟ್ಟ ಏನನ್ನೂ ಹೇಳುವುದಿಲ್ಲ, ಅವರಿಗೆ ಉಜನಿಯ ಹೊರಹರಿವು ಮುಖ್ಯ. ಘಟಪ್ರಭೆಯವರು ಹಿಡಕಲ್, ಮಲಪ್ರಭೆಯವರು ನವಿಲುತೀರ್ಥ ಜಲಾಶಯದ ಸುದ್ದಿ ಕೇಳಬೇಕು. ಹೊರಹರಿವು ಏರಿತು ಎಂದು ಗೊತ್ತಾದ ಕೂಡಲೇ ದಂಡೆಯ ಪಂಪ್‌ಸೆಟ್ಟಿನ ಕರೆಂಟು ಮೇಲಿನಿಂದಲೇ ತೆಗೆಸಿ, ಮೋಟಾರು, ಸ್ಟಾರ್ಟರ್ ಪೆಟ್ಟಿಗೆ ಬಿಚ್ಚಿ ಎತ್ತರಕ್ಕೆ ಸಾಗಿಸಬೇಕು. ನೀರು ಮುಟ್ಟಿದ ಮೇಲೆ ಅದನ್ನು ಬಿಚ್ಚಲು ಹೊಳೆಗೆ ಇಳಿಯಬಾರದು.